ಸುನೀತಾಬಾಯಿಯ ಕೈಗುಣ

ಶಿರವಾಡದ ಸುನೀತಾಬಾಯಿಯ ಹತ್ತಿರ ರವಿಕೆ ಹೊಲಿಸಬೇಕೆಂದರೆ ಬಟ್ಟೆಯ ಜೊತೆಗೆ ಬೈಸಿಕೊಳ್ಳುವ ತಾಳ್ಮೆಯನ್ನೂ ಗಂಟು ಕಟ್ಟಿಕೊಂಡು ಹೋಗಬೇಕು. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡವಳಿಗೆ, "ಉಸಿರ ಬಿಡು ಮಾರಾಯ್ತಿ, ಮದುವೆಮನೆಲಿ ಊಟಕ್ಕೆ ಕೂತಾಗ ಹುಕ್ಕು ನಿನ್ನ ಮಾತು ಕೇಳೂದಿಲ್ಲ" ಎನ್ನುತ್ತಾಳೆ. ಮೊಬೈಲಿನಲ್ಲಿ ಯಾವಳೋ ನಟಿಯ ಬೆನ್ನು ತೋರಿಸಿ ಹೀಗೇ ಬೇಕು ಅಂದವಳಿಗೆ, ಮೊದಲು ಆ ಬೆನ್ನು ತಗೊಂಡು ಬಾ ಎನ್ನುತ್ತಾಳೆ. ಆದರೂ ಹೆಂಗಸರು ಬರುವುದನ್ನು ನಿಲ್ಲಿಸಿಲ್ಲ. ಅವಳು ಹೊಲಿದ ಕಂಕುಳು ಹರಿಯುವುದಿಲ್ಲ, ತೋಳು ತಿರುಚಿಕೊಳ್ಳುವುದಿಲ್ಲ.

ಒಂದನ್ನು ಮಾತ್ರ ಅವಳು ಹೊಲಿಯುವುದಿಲ್ಲ. ಮದುವೆಯ ರವಿಕೆ. ಹಿಂದಿನ ಓಣಿಯ ಚಂದನಾ ತನ್ನ ಮುಹೂರ್ತದ ಸೀರೆಯ ಬಟ್ಟೆ ಹಿಡಿದು ಬಂದಾಗ ಸುನೀತಾ ಅದನ್ನು ಬಿಡಿಸಿಯೂ ನೋಡಲಿಲ್ಲ.

"ಗೋವೆಗೆ ಹೋಗು. ಅಲ್ಲಿ ಎಸಿ ಹಾಕ್ಕೊಂಡು ಬಟ್ಟೆ ಹಾಳ ಮಾಡೋರು ಬೇಕಾದಷ್ಟು ಜನ ಇದ್ದಾರೆ."

"ನೀವೇ ಹೊಲ್ದು ಕೊಡಿ ಸುನೀತಕ್ಕ."

"ಮದುಮಕ್ಕಳ ಕಿರಿಕಿರಿ ನನಗೆ ಆಗೂದಿಲ್ಲ. ಹೋಗು."

ಕಿರಿಕಿರಿಯ ಮಾತು ಶುದ್ಧ ಸುಳ್ಳು. ಕಿರಿಕಿರಿಗೆ ಹೆದರುವ ಹೆಂಗಸೇ ಅಲ್ಲ ಅವಳು. ನಿಜವಾದ ಕಾರಣ ಅಂಕೋಲೆಯ ತವರುಮನೆಯಲ್ಲಿತ್ತು, ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಅಂಕೋಲೆಯ ಮನೆಯಲ್ಲಿ ಅವಳನ್ನು ಹೆತ್ತ ಆಯಿಯದೊಂದು ವಿಲಾಯತಿ ಹೊಲಿಗೆ ಮಶಿನ್ ಇತ್ತು. ಕಪ್ಪು ಮೈ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ. ಮಕ್ಕಳನ್ನು ಬೈದ ಬಾಯಿಯಲ್ಲಿ ಆಯಿ ಅದನ್ನು ಒಮ್ಮೆಯೂ ಬೈದದ್ದಿಲ್ಲ. ಸುನೀತಾ ಲಂಗ ದಾವಣಿಯ ವಯಸ್ಸಿನಲ್ಲಿ ಹೊಲಿಗೆ ಕಲಿಯಲು ಅದರ ಮುಂದೆ ಕುಳಿತಳು. ಅದೂ ಎಂಥ ದಿನ, ಚಿಕ್ಕಮ್ಮನ ಮದುವೆಯ ರವಿಕೆಗೆ ಅಂಚು ಹೊಡೆಯುವ ದಿನ. ನಾಲ್ಕು ಹೊಲಿಗೆ ಬಿದ್ದದ್ದೇ ತಡ, ಚಕ್ರ ಕಚ್ಚಿಕೊಂಡು ನಿಂತಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಚಿಕ್ಕಮ್ಮನ ಮದುವೆ ಮುಂದೆ ಮುರಿದೂ ಹೋಯಿತು. ಹುಡುಗನಿಗೆ ಬೇರೆ ಕಡೆ ಹೆಂಡತಿಯೇ ಇದ್ದಳೆಂದು ಊರಿಗೆಲ್ಲ ಗೊತ್ತಾದ ಮೇಲೂ ಆಯಿ ತಪ್ಪು ಹುಡುಕಿದ್ದು ಮಗಳ ಕೈಯಲ್ಲಿ. "ಇದರ ಕೈಗುಣ ಸುಟ್ಟದ್ದು" ಅಂದಿತು ಆಯಿ, ನೆಂಟರೆಲ್ಲ ಕೂತಿದ್ದಾಗ. ಅಲ್ಲಿಂದ ಸುನೀತಾ ಉಪ್ಪಿನಕಾಯಿಯ ಭರಣಿ ಮುಟ್ಟುವಂತಿರಲಿಲ್ಲ, ಬಳ್ಳಿ ನೆಡುವಂತಿರಲಿಲ್ಲ.

ಆ ಸಿಟ್ಟಿಗೇ ಅವಳು ಹೊಲಿಗೆ ಕಲಿತಳು. ಮದುವೆಯಾಗಿ ಕಾರವಾರದ ಈ ಶಿರವಾಡಕ್ಕೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಮಶಿನ್ ಇಟ್ಟುಕೊಂಡು ಹೆಸರು ಮಾಡಿದಳು. ನಿಂಬೆಹಣ್ಣು ಕಟ್ಟುವವರನ್ನು, ಬೆಕ್ಕು ಅಡ್ಡ ಬಂದರೆ ಹಿಂದಿರುಗುವವರನ್ನು ಕಂಡರೆ ಬಾಯ್ತುಂಬ ನಕ್ಕಳು. ಆದರೆ ಮದುವೆಯ ರವಿಕೆಗೆ ಕತ್ತರಿ ಹಾಕಲಿಲ್ಲ. ಯಾವ ಹುಡುಗಿಯ ಬಾಳಿಗಾದರೂ ತನ್ನ ಕೈ ತಾಗಿಬಿಟ್ಟರೆ ಎಂಬ ಅಂಜಿಕೆ ಅವಳ ಎದೆಯಲ್ಲಿ ಭದ್ರವಾಗಿ ಕೂತಿತ್ತು.

ಚಂದನಾಳನ್ನು ಓಡಿಸಿದ ವಾರವೇ ಮಾಜಾಳಿಯ ರೂಪೇಶ ತನ್ನ ಹೋಮ್‌ಸ್ಟೇಗೆ ಪರದೆ ಹೊಲಿಸಲು ಅವಳನ್ನು ಕರೆದ. ನಿನ್ನೆ ಮೊನ್ನೆಯವರೆಗೆ ಅವನ ಅಪ್ಪ ಬಲೆ ಒಣಗಿಸುತ್ತಿದ್ದ ಅಂಗಳ ಅದು. ಈಗ ಅದೇ ಬಲೆಯನ್ನು ಗೋಡೆಗೆ ಹೊಡೆದು ಅದರಲ್ಲಿ ಬಣ್ಣದ ಬಲ್ಬು ಸಿಕ್ಕಿಸಿದ್ದ. ಮುರಿದ ಹುಟ್ಟು, ತುಕ್ಕು ಹಿಡಿದ ಲಾಟೀನು, ಅಜ್ಜಿಯ ಬೀಸುವ ಕಲ್ಲು, ಯಾವುದು ಕೆಲಸಕ್ಕೆ ಬಾರದೋ ಅದಕ್ಕೆಲ್ಲ ಅಲ್ಲಿ ಮರ್ಯಾದೆಯ ಜಾಗ. ಸುನೀತಾ ಮೂಗು ಮುರಿಯುತ್ತಲೇ ಕಿಟಕಿ ಅಳೆದಳು. ಮೂಲೆಯ ಕಿಟಕಿಯ ಕೆಳಗೆ, ತಲೆಯ ಮೇಲೆ ಮನಿಪ್ಲಾಂಟಿನ ಕುಂಡ ಹೊತ್ತುಕೊಂಡು ಒಂದು ಹೊಲಿಗೆ ಮಶಿನ್ ನಿಂತಿತ್ತು.

"ಬ್ರಿಟಿಷರ ಕಾಲದ್ದು, ಯಾವುದೋ ಬಿಳಿ ಮಡಮ್ಮಂದು" ಎಂದ ರೂಪೇಶ, ಪ್ರವಾಸಿಗಳಿಗೆ ಹೇಳುವ ರಾಗದಲ್ಲೇ.

ಸುನೀತಾ ಬಗ್ಗಿ ನೋಡಿದಳು. ದಾರದ ಉಂಡೆ ಕೂರಿಸುವ ಕಡ್ಡಿಯ ಜಾಗದಲ್ಲಿ ಕೊಡೆಯ ಕಡ್ಡಿ ಸಿಕ್ಕಿಸಿತ್ತು. ಮೂಲದ ಕಡ್ಡಿ ಮುರಿದಾಗ ಅವಳ ಅಪ್ಪ ತನ್ನ ಹರಕು ಕೊಡೆಯಿಂದ ಕಿತ್ತು ಹಾಕಿದ್ದು. ಆಯಿ ಮಣಿಕಟ್ಟು ಊರುತ್ತಿದ್ದ ಕಡೆ ಬಂಗಾರದ ಬಳ್ಳಿ ಅಳಿಸಿಹೋಗಿತ್ತು.

"ಯಾವ ಮಡಮ್ಮನೂ ಅಲ್ಲ. ಇದು ನನ್ನ ಆಯಿದು. ಎಲ್ಲಿಂದ ತಂದಿ?"

ಅಂಕೋಲೆಯ ಗುಜರಿಯಿಂದ ಎಂದ ಅವನು. ಅಂದರೆ ಅಣ್ಣ ದೇವಿದಾಸ ಹಳೆಯ ಮನೆ ಕೆಡವಿ ಸ್ಲ್ಯಾಬು ಹಾಕಿಸುವಾಗ ತಂಗಿಗೆ ಒಂದು ಮಾತೂ ಹೇಳದೆ ಇದನ್ನು ಕಬ್ಬಿಣದ ತೂಕಕ್ಕೆ ಹಾಕಿದ್ದ. ಅವನಿಂದ ಇನ್ನೇನು ನಿರೀಕ್ಷಿಸುವುದು, ಆಯಿಯ ಊರುಗೋಲನ್ನೇ ಸೋರೆಬಳ್ಳಿಗೆ ಆಸರೆ ಕೊಟ್ಟವನು.

"ಪರದೆಯ ಮಜೂರಿ ಬೇಡ. ಇದರ ತಲೆ ಬಿಚ್ಚಿ ಕೊಡು. ಕಾಲು ಬೇಕಾದ್ರೆ ನೀನೇ ಇಟ್ಕೊ, ಮೇಲೆ ಬೇಸಿನ್ ಇಟ್ಟು ಮುಖ ತೊಳ್ಕೊ."

"ಅದು ತಿರುಗೂದಿಲ್ಲ ಬಾಯಿ. ಪೂರ್ತಿ ಸತ್ತುಹೋಗ್ಯದೆ."

"ಸತ್ತದ್ದೋ ಇಲ್ವೋ ನಾ ನೋಡ್ಕೊಳ್ತೆ."

ಬಾಯಲ್ಲಿ ಹಾಗಂದರೂ, ಮನೆಗೆ ತಂದ ಮೇಲೆ ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ. ಬಿಚ್ಚಿ ನೋಡಿ, ಒಳಗೆ ಎಲ್ಲ ಸರಿ ಇದ್ದೂ ತಿರುಗದಿದ್ದರೆ? ಆಗ ಆಯಿಯ ಮಾತೇ ನಿಜವಾಗಿಬಿಡುತ್ತದೆ. ಮೂರನೆಯ ದಿನ ತನಗೆ ತಾನೇ ಬೈದುಕೊಂಡು ಸ್ಕ್ರೂಡ್ರೈವರ್ ಹಿಡಿದಳು. ಬೈತಖೋಲದ ದೋಣಿಯವರನ್ನು ಕಾಡಿ ಒಂದು ಬಾಟಲಿ ಚಿಮಣಿ ಎಣ್ಣೆ ತಂದಿಟ್ಟುಕೊಂಡಿದ್ದಳು.

ಸೂಜಿಯ ಕಡೆಯ ತಗಡು ಬಿಚ್ಚಿದರೆ ಒಳಗೆ ಕಬ್ಬಿಣವೇ ಕಾಣಲಿಲ್ಲ. ಹಲಸಿನ ಮೇಣದಂಥ ಕಂದು ಅಂಟು ಕಂಬಿಯಿಂದ ಕೀಲಿಗೆ, ಕೀಲಿನಿಂದ ಗೋಡೆಗೆ ಹರಡಿ ಗಟ್ಟಿಯಾಗಿತ್ತು. ಪಿನ್ನಿನಿಂದ ಕೆರೆದು ಬೆರಳಿನಲ್ಲಿ ತಿಕ್ಕಿ ಮೂಸಿದಳು. ಕಮಟು ವಾಸನೆ. ಕೊಬ್ಬರಿ ಎಣ್ಣೆ! ಅಂಟಿನ ನಡುವೆ ಕುಂಕುಮದ ಕೆಂಪು, ಒಂದೆರಡು ಅಕ್ಷತೆಯ ಕಾಳು.

ಸುನೀತಾಳ ಕಣ್ಣ ಮುಂದೆ ನವರಾತ್ರಿಯ ಖಂಡೇಪೂಜೆ ಬಂದು ನಿಂತಿತು. ಆಯಿ ಮಶಿನ್ನಿಗೆ ಗೊಂಡೆಹೂವಿನ ಮಾಲೆ ಹಾಕಿ, ಆರತಿ ಎತ್ತಿ, ಆಮೇಲೆ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದು ಒಂದೊಂದು ತೂತಿಗೂ ಹೊಯ್ಯುತ್ತಿತ್ತು. "ಅದಕ್ಕೂ ಒಂದು ಎಣ್ಣೆಸ್ನಾನ ಆಗ್ಲಿ, ವರ್ಷಪೂರ್ತಿ ದುಡೀತದೆ ಪಾಪ." ದೀಪಾವಳಿಗೆ ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ. ಮಕ್ಕಳಾದರೋ ಸೀಗೆಪುಡಿ ಹಾಕಿ ತೊಳೆದುಕೊಂಡರು. ಮಶಿನ್ನನ್ನು ತೊಳೆದವರು ಯಾರು? ವರ್ಷವರ್ಷವೂ ಕುಡಿದದ್ದೆಲ್ಲ ಒಳಗೇ ಅಂಟಾಗಿ, ಕೊನೆಗೆ ಸುನೀತಾ ಕೂತ ದಿನ ಕಚ್ಚಿಕೊಂಡಿತು.

ಮಶಿನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟು ಹಾಳು ಮಾಡಿಕೊಂಡು ಬಂದ ಕಾರವಾರದ ಹೆಂಗಸರಿಗೆಲ್ಲ, ಒಗ್ಗರಣೆ ಯಾಕೆ ಕೊಡಲಿಲ್ಲ ಎಂದು ಛೀಮಾರಿ ಹಾಕಿದವಳು ಇವಳೇ. ತನ್ನ ಮನೆಯ ಬಟ್ಟಲು ಮಾತ್ರ ಒಂದು ಸಲವೂ ನೆನಪಾಗಲಿಲ್ಲ. ಆಯಿಯ ಮೇಲೆ ಉರಿ ಎದ್ದಿತು, ಪಾಪ ಅನ್ನಿಸಿತು, ಮತ್ತೆ ಉರಿ ಎದ್ದಿತು. ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾದದ್ದು ತನ್ನ ಬಗ್ಗೆಯೇ. ಊರನ್ನೆಲ್ಲ ಮೂಢರೆಂದು ನಕ್ಕವಳು, ಊರಲ್ಲೆಲ್ಲ ದೊಡ್ಡ ಮೂಢನಂಬಿಕೆಯನ್ನು ಬಗಲಲ್ಲೇ ಇಟ್ಟುಕೊಂಡು ತಿರುಗಿದ್ದಳು.

ಹಳೆಯ ಹಲ್ಲುಜ್ಜುವ ಬ್ರಶ್ಶು, ಚಿಮಣಿ ಎಣ್ಣೆ, ಬಿಸಿಲು ಸೇರಿ ಅಂಟನ್ನು ಬಿಡಿಸಿದವು. ಮಶಿನ್ ಎಣ್ಣೆ ಬಿಟ್ಟು ಚಕ್ರಕ್ಕೆ ಕೈಹಾಕಿದಾಗ ಅದು ಮೊದಲು ಮುಲುಗಿ, ಆಮೇಲೆ ಸಲೀಸಾಗಿ ಸುತ್ತಿತು. ಅದನ್ನು ತನ್ನ ಮಶಿನ್ನಿನ ಕಾಲಿನ ಮೇಲೆ ಕೂರಿಸಿ ಹರಕು ಬಟ್ಟೆಯೊಂದಕ್ಕೆ ಹೊಲಿಗೆ ಹಾಕಿದಳು. ಹೊಲಿಗೆ ನೇರವಾಗಿ ಬಿತ್ತು.

ಆಮೇಲೆ ಸೆರಗಲ್ಲಿ ಕಣ್ಣು ಒರೆಸಿಕೊಂಡು ಅಣ್ಣನಿಗೆ ಫೋನು ಮಾಡಿದಳು. ಎಣ್ಣೆಯ ಕತೆ, ಅಂಟಿನ ಕತೆ, ಚಿಕ್ಕಮ್ಮನ ರವಿಕೆಯ ಕತೆ ಎಲ್ಲ ಒಂದೇ ಉಸಿರಿಗೆ ಹೇಳಿ, "ನನ್ನ ಕೈಗುಣ ಸುಟ್ಟದ್ದಲ್ಲ, ತಿಳೀತಾ?" ಎಂದಳು.

"ಕೈಗುಣ? ಯಾರ ಹೇಳಿದ್ದು ಹಂಗೆ?" ಎಂದ ದೇವಿದಾಸ.

"ಆಯಿ! ಎಲ್ಲರ ಎದುರಿಗೆ!"

"ನನಗೆ ನೆನಪೇ ಇಲ್ಲ. ಆಯಿ ಬಾಯಿಗೆ ಬಂದದ್ದು ಹೇಳ್ತಿತ್ತು ಮಾರಾಯ್ತಿ. ನನಗೆ ದಿನಾ ಗೂಬೆ ಅಂತಿತ್ತು. ನಾ ಗೂಬೆ ಆದ್ನೆ?"

"ಆದಿ" ಎಂದು ಸುನೀತಾ ಫೋನು ಇಟ್ಟಳು. ಇಷ್ಟು ವರ್ಷ ಅವಳು ತಲೆಯ ಮೇಲೆ ಹೊತ್ತ ಮಾತನ್ನು ಹೇಳಿದವಳು ಸತ್ತಿದ್ದಳು, ಕೇಳಿದವನು ಮರೆತಿದ್ದ.

ಸಂಜೆ ಚಂದನಾಳನ್ನು ಕರೆಸಿದಳು. ಹುಡುಗಿ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲೇ ನಿಂತಳು. ಗೋವೆಗೆ ಅವಳು ಹೋಗಿರಲಿಲ್ಲ.

"ಮುಹೂರ್ತದ ರವಿಕೆ. ನಾ ಈವರೆಗೆ ಯಾರಿಗೂ ಹೊಲ್ದದ್ದಿಲ್ಲ. ನನ್ನ ಕೈಲಿ ಹೊಲಿಸ್ಕೊಳ್ಳುಕೆ ಹೆದರಿಕೆ ಇಲ್ವಾ ನಿನಗೆ?"

ಚಂದನಾ ಚೀಲದಿಂದ ಬಟ್ಟೆ ತೆಗೆದು ಮುಂದೆ ಹಿಡಿದಳು.

"ನಿಮ್ಮ ಬಾಯಿಗೆ ಇಡೀ ಶಿರವಾಡ ಹೆದರ್ತದೆ ಸುನೀತಕ್ಕ. ಕೈಗೆ ಯಾರು ಹೆದರ್ತಾರೆ?"

ಸುನೀತಾಬಾಯಿ ಕುತ್ತಿಗೆಯಿಂದ ಟೇಪು ತೆಗೆದು, "ನೆಟ್ಟಗೆ ನಿಲ್ಲು" ಎಂದು ಅಳತೆಗೆ ಶುರುಮಾಡಿದಳು.