‘ಹೋದ್ರು’ ಅಂದರೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಶಿರಹಟ್ಟಿ ಕಡೆಯ ಅಗ್ನಿಶಾಮಕ ಠಾಣೆಯೊಂದರ ಅಧಿಕಾರಿಯಾಗಿದ್ದೆ. ಬಣವೆಗೆ ಬಿದ್ದ ಬೆಂಕಿ, ಬಾವಿಗೆ ಬಿದ್ದ ಎಮ್ಮೆ, ಇಷ್ಟೇ ನಮ್ಮ ಕೆಲಸ. ಹೀಗಿರುವಾಗ ಒಂದು ಮಧ್ಯಾಹ್ನ, ಸೊರಟೂರ ಹತ್ತಿರ ವಿಮಾನ ಬಿದ್ದಿದೆ ಎಂದು ಕರೆ ಬಂತು. ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೇ ಗಾಡಿ ಹತ್ತಿದೆ.

ಚೇಷ್ಟೆಯಾಗಿರಲಿಲ್ಲ. ಕಡಲೆ ಕಿತ್ತ ಎರೆಹೊಲದಲ್ಲಿ ಸಣ್ಣ ಚಾರ್ಟರ್ ವಿಮಾನ, ಅಂದರೆ ಯಾರೋ ಬಾಡಿಗೆಗೆ ಹಿಡಿದದ್ದು, ಮೂಗು ಊರಿ ನಿಂತಿತ್ತು. ಎಂಜಿನ್ ಕೆಟ್ಟದ್ದರಿಂದ ಪೈಲಟ್ ಹೊಲಕ್ಕೇ ಇಳಿಸಿದ್ದರು. ಅವರೂ ಸೇರಿ ಐವರು, ಐವರೂ ಬದುಕಿದ್ದರು. ಪೈಲಟ್‌ರ ಕಾಲು ಮುರಿದಿತ್ತು, ಹೊರಗೆಳೆಯುವಾಗ ಅವರು ‘ಹಾ’ ಎನ್ನಲೂ ಇಲ್ಲ. ಉಳಿದವರು ಬಸ್ಸಿಗೆ ಕಾದವರಂತೆ ಬದುವಿನ ಮೇಲೆ ಕುಳಿತಿದ್ದರು. ನನಗೂ ಸಂತೋಷವೆಂಬುದು ಆಗಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಎಲ್ಲರನ್ನೂ ಗದಗಿನ ಆಸ್ಪತ್ರೆಗೆ ಕಳಿಸಿ, ಸೋರಿದ ಇಂಧನದ ಮೇಲೆ ಫೋಮ್ ಹೊಡೆಸುತ್ತ ನಿಂತೆ. ಅದು ಗಾಳಿ ತಾಗದಂತೆ ಮುಚ್ಚುವ ನೊರೆ, ಬೆಂಕಿ ಹತ್ತಗೊಡುವುದಿಲ್ಲ.

ಆಗ ಹೊಲದ ಮಾಲಕ ಹುಸೇನಸಾಬರು ಪೈಲಟ್‌ರ ಜೇಬಿನಿಂದ ಬಿದ್ದಿದ್ದ ಮೊಬೈಲ್ ಹಿಡಿದು ಬಂದರು.

“ಸಾಹೇಬ್ರ, ಪೈಲಟ್ ಸಾಹೇಬ್ರ ಮನಿಯವ್ರ ಫೋನ್ ಬಂದಿತ್ರಿ. ನಾನಽ ಎತ್ತಿ ಹೇಳಿದೆ. ಆಮ್ಯಾಲ ಅವರು ಮಾತಽ ಆಡವಲ್ರು.”

“ಏನಂತ ಹೇಳಿದ್ರಿ?”

“ವಿಮಾನ ಬಿತ್ರಿ ಅಕ್ಕಾರ, ಎಲ್ಲಾರೂ ಹೋದ್ರು ಅಂದೆ. ಖರೆ ಅಲ್ಲೇನ್ರಿ? ಈಗಷ್ಟ ಆಂಬುಲೆನ್ಸ್‌ನ್ಯಾಗ ಹೋದ್ರಲ್ರಿ.”

ಹೇಳಿ ಮುಗಿಸುವಷ್ಟರಲ್ಲಿ ತಮ್ಮ ಮಾತು ತಮಗೇ ಕೇಳಿಸಿತೇನೋ, ಬಾಯಿಗೆ ಟವೆಲ್ ಒತ್ತಿಕೊಂಡು ಅಲ್ಲೇ ಕುಸಿದರು. ಪಾಪ, ಒಳ್ಳೆಯ ಮನುಷ್ಯ. ಕರೆ ಕಡಿದಿತ್ತು, ಫೋನ್ ಲಾಕ್ ಆಗಿತ್ತು. ನಾವಾಗಿ ಕರೆ ಮಾಡುವಂತಿರಲಿಲ್ಲ. ಆಕೆಯೂ ಮತ್ತೆ ಮಾಡಲಿಲ್ಲ. ಗಂಡ ಸತ್ತನೆಂದು ನಂಬಿದ ಹೆಂಗಸು ಒಬ್ಬಳೇ ಏನು ಮಾಡಿಕೊಂಡಾಳೋ ಎಂದು ನನಗೆ ಭಯವಾಯಿತು. ಹೊಲವನ್ನು ಸಿಬ್ಬಂದಿಗೆ ಒಪ್ಪಿಸಿ ಜೀಪು ಹತ್ತಿದೆ.

ಆಸ್ಪತ್ರೆಯಲ್ಲಿ ಪೈಲಟ್ ಛಾವಣಿ ನೋಡುತ್ತ ಮಲಗಿದ್ದರು. ಮನೆಗೆ ಹೇಳಬೇಕೆಂಬುದೇ ಅವರಿಗೆ ಹೊಳೆದಿರಲಿಲ್ಲ. ನಂಬರ್ ಕೇಳಿ, ನನ್ನ ಫೋನಿನಿಂದ ಕರೆ ಮಾಡಿ ಸ್ಪೀಕರ್ ಹಾಕಿದೆ.

“ಸುಮಾ, ನಾನು.”

“ನಾನಂದ್ರ ಯಾರ್ರಿ?”

ಪೈಲಟ್ ಫೋನನ್ನು ನನ್ನ ಕಡೆ ಸರಿಸಿದರು. ಆಕೆಯ ದನಿಯಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ.

“ಅಲ್ಲೆ ಯಾರರ ಇದ್ರ ಖರೆ ಹೇಳ್ರಿ. ಅವರು ಅದಾರ?”

“ಅದಾರವ್ವಾ,” ಎಂದೆ ನಾನು. “ನನ್ನ ಮುಂದಽ ಮಲಗ್ಯಾರ. ಕಾಲಷ್ಟ ಮುರದೈತಿ.”

“ಹಂಗಾರ ಊಟಕ್ಕ ಬರ್ತಾರೇನ್ರಿ?”

“ಇವತ್ತಲ್ಲವ್ವಾ. ಆದ್ರ ಬರ್ತಾರ.”

ಆಗ ಆಕೆ ಅತ್ತಳು.

ಬೆಂಕಿ ಆರಿಸುವುದನ್ನು ನಾನು ತರಬೇತಿಯಲ್ಲಿ ಕಲಿತೆ, ಸುದ್ದಿ ಹೇಳುವುದನ್ನು ಆ ದಿನ. ಮನೆಯವರು ಕೇಳಿದರೆ ಮೊದಲ ಮಾತು ‘ಅದಾರ’ ಎಂದಿರಲಿ, ಎಲ್ಲಿಗೆ ಹೋದರೆಂಬುದು ಆಮೇಲೆ ಎಂದು ಸಿಬ್ಬಂದಿಗೆ ಕೊನೆಯ ದಿನದವರೆಗೂ ಹೇಳಿದೆ. ಹುಸೇನಸಾಬರಿಗೆ ಯಾರೂ ಹೇಳಬೇಕಾಗಲಿಲ್ಲ. ಬಸ್ ಹೋಯಿತೇ ಎಂದು ಕೇಳಿದರೂ ಅವರು ಈಗ, “ಮುಂದಿಂದು ಬರತೈತ್ರಿ,” ಎನ್ನುತ್ತಾರೆ.