ಸನ್‌ರೂಫ್ ಬೇಡ ಎಂದವಳು

ಕಾರು ಕೊಳ್ಳಲು ಹೋದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಗಾಡಿ ಜಾರಿದರೆ ತಾನಾಗಿ ಹಿಡಿತಕ್ಕೆ ತರುವ ವ್ಯವಸ್ಥೆ ಇದರಲ್ಲಿದೆಯೇ? ಶೋರೂಮಿನವನು ಉತ್ತರವನ್ನು ನನಗೆ ಕೊಡಲಿಲ್ಲ, ಪಕ್ಕದಲ್ಲಿದ್ದ ಭಾವನವರಿಗೆ ಕೊಟ್ಟ. "ಇದ್ರಾಗೆ ಸನ್‌ರೂಫ್ ಐತೆ ಸರ್." ಹೊನ್ನಾಳಿಯಿಂದ ನ್ಯಾಮತಿಯ ಹೈಸ್ಕೂಲಿಗೆ ದಿನಾ ಪಾಠ ಮಾಡಲು ಹೋಗುವವಳು ನಾನು, ಓಡಿಸುವವಳೂ ನಾನೇ. ಆದರೂ ಅವರಿಬ್ಬರೇ ಮಾತಾಡಿಕೊಂಡರು.

ಭಾವ ಅಂದರೆ ನನ್ನ ಗಂಡನ ಅಣ್ಣ, ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಒಳ್ಳೆಯವರೇ, ಆದರೆ ಕೊನೆಯ ಮಾತು ಅವರದೇ ಆಗಬೇಕು. "ನಮ್ ರೋಡಿಗೆ ಅವೆಲ್ಲ ಯಾಕ್ ಬೇಕು ಟೀಚರಮ್ಮ? ಕೈ ಗಟ್ಟಿ ಇದ್ರೆ ಸಾಕು. ಸನ್‌ರೂಫ್ ಇದ್ರೆ ನಾಕು ಜನ ನೋಡ್ತಾರೆ" ಅಂದರು.

ನಾಲ್ಕು ಜನ ನೋಡಲಿ ಅಂತ ನಾನು ಕಾರು ಕೊಳ್ಳುತ್ತಿರಲಿಲ್ಲ. ಚಾವಣಿಗೆ ಕಿಂಡಿಯಿಲ್ಲದ, ಚಕ್ರಕ್ಕೆ ಹೊಳಪಿಲ್ಲದ, ಆದರೆ ಜಾರುವುದನ್ನು ತಡೆಯುವ, ಬೆಲ್ಟ್ ಹಾಕದಿದ್ದರೆ ಹಿಂದಿನ ಸೀಟಿನವರಿಗೂ ಕೂಗಿ ಹೇಳುವ ಕಾರನ್ನೇ ತಂದೆ. ಮನೆಗೆ ಬಂದವರಿಗೆ ಇದನ್ನೆಲ್ಲ ತೋರಿಸಲು ಬರುವುದಿಲ್ಲ ನಿಜ. ಈ ಯಂತ್ರಗಳು ನನ್ನ ಬದಲು ರಸ್ತೆ ನೋಡುತ್ತವೆ ಎಂದೂ ನಾನು ನಂಬಿಲ್ಲ. ಆದರೆ ನಾನು ತಪ್ಪು ಮಾಡುವವಳು, ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಜಗಳೂರಿನ ಹತ್ತಿರದ ನನ್ನ ತವರಿನಲ್ಲಿ ಸೀಮಂತವಿತ್ತು. ಅತ್ತೆ, ಭಾವ, ನಾನು ಹೊರಟೆವು. ಭಾವ ಕೀಲಿಕೈ ಕೇಳಿದರು. ಹಿರಿಯರು ಕೈ ಚಾಚಿದಾಗ ಇಲ್ಲ ಅನ್ನುವುದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಕೊಟ್ಟೆ. ನನ್ನ ತಪ್ಪು ಅಲ್ಲಿಂದ ಶುರು. ಕೂತವರೇ ಜೇಬಿನಿಂದ ಬೆಲ್ಟಿಲ್ಲದ ಬರೀ ಕೊಂಡಿಯೊಂದನ್ನು ತೆಗೆದು ಬೆಲ್ಟಿನ ಗೂಡಿಗೆ ಸಿಕ್ಕಿಸಿದರು. ಬೆಲ್ಟ್ ಹಾಕಿದ್ದಾರೆಂದು ಕಾರು ಮೋಸಹೋಗಿ ಸುಮ್ಮನಾಯಿತು. ಹಿಂದೆ ಕೂತ ಅತ್ತೆಗೆ ನಾನೇ ಬಗ್ಗಿ ಬೆಲ್ಟ್ ಹಾಕಿ, ಮುಂದೆ ಭಾವನ ಪಕ್ಕ ಕೂತೆ. "ಕಟ್ಟಿಹಾಕಾಕೆ ನಾನೇನು ಎಮ್ಮೇನೇ?" ಅಂತ ಗೊಣಗಿದರು, ಬಿಚ್ಚಲಿಲ್ಲ.

ಮೆಕ್ಕೆಜೋಳದ ಸುಗ್ಗಿ. ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಜೋಳ ಹರವಿ ಉಳಿದರ್ಧವನ್ನು ವಾಹನಗಳಿಗೆ ಬಿಡುತ್ತಾರೆ. ಹುಡುಗಿಯಾಗಿದ್ದಾಗ ನಾನೂ ಹಾಗೇ ಹರವಿ ಕಾಲಲ್ಲಿ ತಿರುವಿದವಳು, ಯಾರನ್ನೂ ಬೈಯುವ ಹಾಗಿಲ್ಲ.

ಜಗಳೂರು ಇನ್ನೇನು ಬಂತು ಅನ್ನುವಾಗ ಎದುರಿಗೆ ಬಸ್ಸು. ಭಾವ ವೇಗ ತಗ್ಗಿಸದೆ ಪಕ್ಕಕ್ಕೆ ಎಳೆದರು, ಚಕ್ರ ಜೋಳದ ಮೇಲೆ ಹತ್ತಿತು, ಆಗ ಬ್ರೇಕ್ ಒತ್ತಿದರು. ಕಾರಿನ ಹಿಂಭಾಗ ಬಸ್ಸಿನ ಕಡೆಗೆ ತಿರುಗತೊಡಗಿತು. ಸ್ಟೀರಿಂಗಿನ ಹಿಂದೆ ಜಾರುವುದನ್ನು ತಡೆಯುವ ವ್ಯವಸ್ಥೆಯ ಹಳದಿ ದೀಪ ಪಟಪಟ ಮಿನುಗಿತು, ಅಡಿಯಲ್ಲಿ ಏನೋ ಗರಗರ ಅಂದಿತು, ಕಾರು ನೆಟ್ಟಗಾಗಿ ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು. ನನ್ನನ್ನೂ ಅತ್ತೆಯನ್ನೂ ಬೆಲ್ಟ್ ಹಿಡಿದಿಟ್ಟಿತ್ತು. ಭಾವನ ಎದೆ ಸ್ಟೀರಿಂಗಿಗೆ ಬಡಿದಿತ್ತು.

ಎದೆ ನೀವಿಕೊಳ್ಳುತ್ತಾ ಅವರು ನಕ್ಕರು. "ನೋಡ್ದೇನಮ್ಮ ನನ್ ಕೈನಾ? ಹೆಂಗ್ ಹಿಡ್ದೆ!"

ನನಗೆ ಮೈಯೆಲ್ಲ ಉರಿಯಿತು. "ಇಳೀರಿ ಭಾವ, ನಾನು ಓಡಿಸ್ತೀನಿ" ಅಂದೆ. ಅವರ ಎದುರು ಅಂಥ ದನಿ ತೆಗೆದದ್ದು ಅದೇ ಮೊದಲು. ಮುಖ ಊದಿಸಿಕೊಂಡು ಹೋಗಿ ಅತ್ತೆಯ ಪಕ್ಕ ಕೂತರು. ನಾನು ಆ ಬರೀ ಕೊಂಡಿಯನ್ನು ಕಿತ್ತು ನನ್ನ ಬೆಲ್ಟ್ ಹಾಕಿಕೊಂಡು ಇಂಜಿನ್ ಚಾಲೂ ಮಾಡಿದೆ. ಕಾರು ಕೂಗತೊಡಗಿತು, ಭಾವ ಬೆಲ್ಟ್ ಮುಟ್ಟಲಿಲ್ಲ. ಇಂಜಿನ್ ಆರಿಸಿ ಕೈಕಟ್ಟಿ ಕೂತೆ.

ಜೋಳದ ಒಡತಿ ಓಡಿಬಂದಳು. "ಅಕ್ಕಾರೆ, ಜೋಳದ್ ಮ್ಯಾಲೆ ಯಾಕ್ ನಿಂತೀರಿ? ತೆಗೀರಿ ಗಾಡಿ!"

"ಇವರು ಬೆಲ್ಟ್ ಹಾಕ್ಕಂಡ್ ಮ್ಯಾಲೆ ತೆಗೀತೀನಮ್ಮ."

ಅವಳು ಕಿಟಕಿಯಲ್ಲಿ ಬಗ್ಗಿ ಚನ್ನಗಿರಿಯ ಅಡಿಕೆ ಸಾಹುಕಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಾಕ್ಕಳ್ರೀ ಯಜಮಾನ್ರೆ. ಹೋದ್ ಜೀವ ತರಾಕೆ ಬರ್ತೈತೇನು?"

ಅತ್ತೆ ಮಗನ ಮುಖವನ್ನೇ ನೋಡುತ್ತಿದ್ದರು. ಕಟಕ್ ಅಂತ ಬೆಲ್ಟ್ ಸಿಕ್ಕಿಸಿದ ಸದ್ದು ಕೇಳಿಸಿತು. ಮತ್ತೆ ಇಂಜಿನ್ ಚಾಲೂ ಮಾಡಿದೆ, ಈ ಸಲ ಕಾರು ಕೂಗಲಿಲ್ಲ. ಗೇರ್ ಹಾಕಿದೆ.