ಜೇಕಿನೊಳಗಿನ ಕಲ್ಲು

ಇವತ್ತು ಮುಂಜಾನೆ ಸೊಸೆ ಅಟ್ಟದಿಂದ ಜೇಕಿನ ಚಾಪೆ ಇಳಿಸಿ, ನೀರು ಚಿಮುಕಿಸಿ ಅಂಗಳದಲ್ಲಿ ಹರವಿದಳು. ಒದ್ದೆ ಜೇಕಿನ ವಾಸನೆ ನಿಮಗೂ ಗೊತ್ತಿರಬೇಕು: ಅರ್ಧ ಕೆಸರು, ಅರ್ಧ ಹುಲ್ಲು. ಉಳಿದವರಿಗೆ ಅದರಿಂದ ನಿದ್ದೆ ಬರುತ್ತದೆ. ನನಗೆ ಬಂದದ್ದೂ ಹೋಗುತ್ತದೆ.

ಮುನವಳ್ಳಿ ಕಡೆಯ ನಮ್ಮ ಹೊಲದ ಅಂಚು ಕಾಲುವೆಯ ನೀರು ಬಸಿದು ಜವಳಾಗಿತ್ತು. ಅಲ್ಲಿ ಆಳು ಮುಳುಗುವಷ್ಟು ಜೇಕು. ಮೂರು ಮೂಲೆಯ ದಂಟು, ತುದಿಗೆ ಕಂದು ಕುಚ್ಚು. ದೂರದಿಂದ ಪಟಗ ಸುತ್ತಿದ ಹಿರಿಯರು ಪಂಚಾಯ್ತಿಗೆ ನಿಂತಂತೆ ಕಾಣುತ್ತಿತ್ತು. ದನಗಳು ಮೂಸಿ ಮುಖ ತಿರುಗಿಸುತ್ತಿದ್ದವು. ಅದರ ನಡುವೆಯೇ ನಮ್ಮ ಹೊಲಕ್ಕೂ ಇಮಾಮಸಾಬನ ಹೊಲಕ್ಕೂ ಹದ್ದಿನ ಕಲ್ಲು.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಕಬ್ಬಿನ ಮಾತು. ಜವಳು ಇಂದಲ್ಲ ನಾಳೆ ಒಣಗೀತು, ನಾಲ್ಕು ಸಾಲು ಹೆಚ್ಚು ಸಿಕ್ಕಾವು ಎಂದು ಒಂದು ಮಟಮಟ ಮಧ್ಯಾಹ್ನ ಒಳಗಿಳಿದೆ. ಕಲ್ಲನ್ನು ಕಿತ್ತು ಇಮಾಮಸಾಬನ ಕಡೆ ಸರಿಸಿ ನೆಟ್ಟೆ. ಜೇಕು ಕೈತುಂಬ ಗೀರಿತು. ಸಂಜೆ ಇಮಾಮಸಾಬನೇ ಏನಾಯಿತೆಂದು ಕೇಳಿದ. ಬೆಕ್ಕು ಪರಚಿತು ಎಂದೆ. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಜವಳು ಒಣಗಲಿಲ್ಲ. ನಾನೂ ಹಾವಿನ ನೆವ ಹೇಳಿ ಮತ್ತೆ ಅತ್ತ ಸುಳಿಯಲಿಲ್ಲ. ಇಮಾಮಸಾಬ ಮಾತ್ರ ವರ್ಷ ವರ್ಷ ಜೇಕು ಕೊಯ್ಯುತ್ತಿದ್ದ, ಅವನ ಹೆಂಡತಿ ಮಾಬೂಬಿ ಚಾಪೆ ಹೆಣೆಯುತ್ತಿದ್ದಳು, ಒಂದು ಚಾಪೆ ತಪ್ಪದೆ ನಮ್ಮ ಮನೆಗೆ ಬರುತ್ತಿತ್ತು. ಮಲಗಿದರೆ ಬೆನ್ನಡಿ ಕಲ್ಲು ಒತ್ತಿದ ಹಾಗೆ. ನಾನು ಮಂಚ ಹಿಡಿದೆ.

ಇವತ್ತು ತಡೆಯಲಾಗಲಿಲ್ಲ. ಇಮಾಮಸಾಬನ ಮನೆಗೆ ಹೋದೆ. ಇದೇ ಈ ಮನೆಯ ಕೊನೆಯ ಚಹಾ ಎಂದುಕೊಂಡು, ಅದನ್ನು ಪೂರ್ತಿ ಕುಡಿದೇ ಎಲ್ಲ ಹೇಳಿದೆ. ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

“ಇಲ್ಲದ ಬೆಕ್ಕು ಪರಚಿದ ದಿನಾನ ನನಗ ತಿಳೀತ್ರಿ ಗೌಡ್ರ. ಮರುದಿನಾನ ಹೋಗಿ ಕಲ್ಲು ಮೊದಲ ಇದ್ದಲ್ಲೇ ಇಟ್ಟು ಬಂದೆ.”

“ಮತ್ತ ಇಷ್ಟು ವರ್ಷ ಚಾಪಿ ಯಾಕ ಕೊಟ್ಟಿ?”

ಒಲೆಯ ಮುಂದಿನಿಂದ ಮಾಬೂಬಿ ಉತ್ತರ ಕೊಟ್ಟಳು: “ನಿಮ್ಮ ಕಡೀ ಜೇಕೂ ನಾವ ಕೊಯ್ತೇವಲ್ರಿ ಅಣ್ಣಾರ. ಅದು ನಿಮ್ಮ ಪಾಲು.”

ಅವಳು ಕೇಳದೆಯೇ ಇನ್ನೊಂದು ಕಪ್ ಚಹಾ ತಂದಿಟ್ಟಳು.

ಮನೆಗೆ ಬಂದಾಗ ಸೊಸೆ ಚಾಪೆ ಸುತ್ತಿ ಅಟ್ಟಕ್ಕೆ ಏರಿಸಲು ಹೊರಟಿದ್ದಳು. ನೆಲಕ್ಕೆ ಹಾಸು ಎಂದೆ. ಅವಳು ನನ್ನನ್ನೂ ಮಂಚವನ್ನೂ ನೋಡಿ, ಹಾಸಿದಳು. ಮಲಗಿ, ಬೆನ್ನಡಿ ಕೈಯಾಡಿಸಿದೆ. ಜೇಕು, ಅದರ ಕೆಳಗೆ ನೆಲ. ಅಷ್ಟೇ.